ಇಂಜಿನ್ನಿನಲ್ಲಿ ಥ್ರೆಡ್ ಹೋದಾಗ: ಶಹಾಪುರ–ಇಚಲಕರಂಜಿ ಭಾಗದ ಗ್ಯಾರೇಜ್ ಕೆಲಸದ ಹಿನ್ನೆಲೆಯಲ್ಲಿ ಒಂದು ವಿವರಣೆ

 

ನಮ್ಮ ಭಾಗದ ಗ್ಯಾರೇಜಿನಲ್ಲಿ ಒಬ್ಬರು ‘ಥ್ರೆಡ್ ಹೋತು’ ಅಂತಾರೆ, ಪಕ್ಕದಲ್ಲಿ ನಿಂತವರು ಮರಾಠಿಯಲ್ಲಿ ‘ಆಟೆ ಗೇಲೆ’ ಅಂತಾರೆ. ಎರಡರ ಅರ್ಥ ಒಂದೇ: ಬೋಲ್ಟು ತಿರುಗುತ್ತದೆ, ಬಿಗಿ ಬರುವುದಿಲ್ಲ. ಆಗ ಎರಡು ಪ್ರಶ್ನೆ ಏಳುತ್ತವೆ. ಹೆಡ್ಡು ಉಳೀತದೋ, ಹೊಸದು ತರಬೇಕೋ? ತಪ್ಪು ಯಾರದು? ಎರಡನೆಯದಕ್ಕೆ ಉತ್ತರ ಸಾಮಾನ್ಯವಾಗಿ ಕೊನೆಗೆ ಪಾನಾ ಹಿಡಿದಿದ್ದ ಹುಡುಗನ ತಲೆಗೆ ಬರುತ್ತದೆ. ಇದು ಬಹಳ ಸಲ ಅನ್ಯಾಯ ಅಂತ ನನ್ನ ಅಭಿಪ್ರಾಯ. ಯಾಕೆ ಅನ್ನೋದು ಲೆಕ್ಕದಿಂದಲೇ ಗೊತ್ತಾಗುತ್ತದೆ.

8 ಎಂಎಂ ಬೋಲ್ಟು ತಗೊಳ್ಳಿ. ಅದನ್ನು ಸುಮಾರು 25 ನ್ಯೂಟನ್ ಮೀಟರಿಗೆ ಬಿಗಿ ಮಾಡ್ತೇವೆ. ಬಿಗಿತವನ್ನು ವ್ಯಾಸದಿಂದಲೂ 0.2 ಅನ್ನೋ ರೂಢಿಯ ಗುಣಾಂಕದಿಂದಲೂ ಭಾಗಿಸಿದರೆ ಬೋಲ್ಟಿನೊಳಗಿನ ಎಳೆತ ಸಿಗುತ್ತದೆ: 15.6 ಕಿಲೋನ್ಯೂಟನ್, ಅಂದರೆ ಹೆಚ್ಚೂಕಡಿಮೆ 1.6 ಟನ್. ಇನ್ನು ಅದೇ ಥ್ರೆಡ್ಡಿಗೆ ಎಣ್ಣೆ ಹಚ್ಚಿ ಅದೇ ಬಿಗಿತ ಕೊಡಿ. ಗುಣಾಂಕ 0.15ಕ್ಕೆ ಇಳಿದರೂ ಸಾಕು, ಎಳೆತ 2 ಟನ್ ದಾಟುತ್ತದೆ. ಕೈಗೆ ವ್ಯತ್ಯಾಸ ಗೊತ್ತೇ ಆಗೋದಿಲ್ಲ. ಪಾನಾಗೆ ಅರ್ಧ ಮೀಟರ್ ಪೈಪ್ ಸೇರಿಸಿ 20 ಕೆಜಿ ಜೋರು ಹಾಕಿದರಂತೂ ನೂರು ನ್ಯೂಟನ್ ಮೀಟರ್ ಹತ್ತಿರ ಹೋಗುತ್ತದೆ. ಅಷ್ಟಾದ ಮೇಲೆ ಒಂದೋ ಬೋಲ್ಟು ಮುರೀಬೇಕು, ಇಲ್ಲವೇ ತೂತಿನ ಥ್ರೆಡ್ ಕಿತ್ತು ಬರಬೇಕು. ಉಕ್ಕಿನ ಬೋಲ್ಟು, ಅಲ್ಯೂಮಿನಿಯಂ ತೂತು ಇದ್ದರೆ ಸೋಲುವುದು ತೂತು.

ಇನ್ನೊಂದು ಮಾತು. ಎಲ್ಲ ಸುತ್ತುಗಳೂ ಭಾರವನ್ನು ಸಮನಾಗಿ ಹೊರುವುದಿಲ್ಲ. ಮೊದಲ ಸುತ್ತೇ ಸುಮಾರು ಮೂರನೇ ಒಂದು ಪಾಲು ಹೊರುತ್ತದೆ. ಹಿಂದೆ ಯಾರೋ ಆ ಮೊದಲ ಒಂದೆರಡು ಸುತ್ತು ಹಾಳು ಮಾಡಿಟ್ಟಿದ್ದರೆ, ಮುಂದೆ ಸರಿಯಾದ ಬಿಗಿತ ಕೊಟ್ಟವನ ಕೈಯಲ್ಲೇ ಅದು ಕಿತ್ತು ಬರಬಹುದು.

ಹಳೆಯ ಅಂಬಾಸಿಡರಿನ ಬ್ಲಾಕ್, ಹೆಡ್ಡು ಎರಡೂ ಬೀಡಿನವು. 1983ರ ಕೊನೆಗೆ ಬಂದ ಮಾರುತಿ 800ರಲ್ಲಿ ಹೆಡ್ಡು ಅಲ್ಯೂಮಿನಿಯಂ. ಹಗುರ ಆಯಿತು, ಆದರೆ ಪ್ಲಗ್ ತೂತಿನ ವಿಷಯದಲ್ಲಿ ಒರಟು ಕೈಗೆ ಇದ್ದ ರಿಯಾಯಿತಿ ಹೋಯಿತು. ಬಿಸಿ ಇಂಜಿನ್ನಿನಿಂದ ಪ್ಲಗ್ ಬಿಚ್ಚೋದು ಅದಕ್ಕೇ ಬೇಡ ಅನ್ನೋದು.

ಇಚಲಕರಂಜಿ ಮಗ್ಗದ ಊರು, ಆದ್ದರಿಂದ ಇಲ್ಲಿ ಬೇರೆಯದೇ ಒಂದು ತೊಡಕೂ ಇದೆ. ಹಳೆಯ ಮಗ್ಗಗಳ ಇಂಚಿನ ಬೋಲ್ಟುಗಳು ಅದೇ ಡಬ್ಬಿಯಲ್ಲಿ ಬಿದ್ದಿರುತ್ತವೆ. ಜೋಸೆಫ್ ವ್ಹಿಟ್‌ವರ್ತ್ 1841ರಲ್ಲಿ ಸೂಚಿಸಿದ ಆ ಥ್ರೆಡ್ಡಿನ ಕೋನ 55 ಡಿಗ್ರಿ, ಈಗಿನ ಮೆಟ್ರಿಕ್ಕಿನದು 60. 5/16 ಇಂಚಿನ ಬೋಲ್ಟು 7.94 ಎಂಎಂ ದಪ್ಪ, ಕಣ್ಣಿಗೆ 8 ಎಂಎಂ ಬೋಲ್ಟೇ. ಆದರೆ ಇಂಚಿಗೆ 18 ಸುತ್ತು, ಅಂದರೆ ಸುತ್ತಿಗೆ 1.41 ಎಂಎಂ. ಮೆಟ್ರಿಕ್ ತೂತಿನಲ್ಲಿ 1.25. ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿ ಆಗುತ್ತದೆ. ‘ಸ್ವಲ್ಪ ಜಾಮ್ ಐತಿ’ ಅಂತ ಜೋರು ಹಾಕಿದರೆ ಮುಗೀತು. ಪಿಚ್ ಗೇಜ್ ಸಣ್ಣ ಸಾಮಾನು, ಆದರೆ ನನ್ನ ಲೆಕ್ಕದಲ್ಲಿ ಟಾರ್ಕ್ ಪಾನಾಗಿಂತ ಮೊದಲು ಕೊಳ್ಳಬೇಕಾದದ್ದು ಅದೇ.

ಬಿಚ್ಚಿದ ಬೋಲ್ಟನ್ನು ಒರೆಸಿ ಎಸೆಯುವ ಮೊದಲು ಓದಬೇಕು. ಅಲ್ಯೂಮಿನಿಯಂ ತಂತಿಯ ಹಾಗೆ ಸುತ್ತಿಕೊಂಡು ಬಂದಿದ್ದರೆ ಅತಿಯಾದ ಎಳೆತಕ್ಕೆ ಕಿತ್ತದ್ದು. ಬಾಯಿಯ ಹತ್ತಿರದ ಸುತ್ತುಗಳು ಮಾತ್ರ ಓರೆಯಾಗಿ ಜಜ್ಜಿದ್ದರೆ ಬೋಲ್ಟು ಸೊಟ್ಟ ಕೂತದ್ದು, ಇಲ್ಲವೇ ತಪ್ಪು ಪಿಚ್ಚಿನದು. ಬಿಳಿ ಪುಡಿ ಇದ್ದರೆ ನೀರು ಸೇರಿ ಸವೆದದ್ದು, ಅದಕ್ಕೆ ವರ್ಷಗಳೇ ಹಿಡಿದಿರುತ್ತವೆ, ಇವತ್ತಿನ ಹುಡುಗನ ತಪ್ಪಲ್ಲ. ತಳವಿರುವ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟು ತಳ ಮುಟ್ಟುವ ಮೊದಲೇ ಬಿಗಿ ಬಂದ ಹಾಗೆ ಅನ್ನಿಸುತ್ತದೆ, ಬೀಡು ಸೀಳಲೂಬಹುದು.

ಈಗ ರಿಪೇರಿ. ಥ್ರೆಡ್ ಬರೀ ಮಸುಕಾಗಿದ್ದರೆ ಟ್ಯಾಪ್ ಓಡಿಸಿ ಸ್ವಚ್ಛ ಮಾಡಿದರೆ ಆಯಿತು. ಮೇಲಿನ ಸುತ್ತು ಹೋಗಿ ಕೆಳಗೆ ಒಳ್ಳೆಯ ಥ್ರೆಡ್ ಉಳಿದಿದ್ದರೆ ಉದ್ದ ಬೋಲ್ಟು ಸಾಕು, ತಳಕ್ಕೆ ತಾಗಬಾರದು ಅಷ್ಟೆ. ದೊಡ್ಡ ಸೈಜಿಗೆ ಟ್ಯಾಪ್ ಹೊಡೆಯೋದು ಎಲ್ಲರಿಗೂ ಗೊತ್ತಿರುವ ದಾರಿ. 8 ಹೋಗಿ 10 ಆಗುತ್ತದೆ. ಆದರೆ ಮೇಲಿನ ಭಾಗದ ತೂತೂ ದೊಡ್ಡದಾಗಬೇಕು, ಗೋಡೆ ತೆಳ್ಳಗಾಗುತ್ತದೆ, ಮುಂದಿನ ಮಿಸ್ತ್ರಿ ಗೊಂದಲಕ್ಕೆ ಬೀಳ್ತಾನೆ. ಬೇರೆ ದಾರಿ ಇರುವಾಗ ಇದು ಬೇಡ.

ಹೆಲಿಕಾಯಿಲ್ ಅನ್ನೋದು ವಜ್ರದಾಕಾರದ ಅಡ್ಡಕೊಯ್ತದ ಸ್ಟೇನ್‌ಲೆಸ್ ತಂತಿಯ ಸುರುಳಿ. 8 ಎಂಎಂ ಬೋಲ್ಟಿನ ಮಾಮೂಲಿ ತೂತಿಗೆ 6.8 ಡ್ರಿಲ್ ಬೇಕು, ಹೆಲಿಕಾಯಿಲಿಗೆ 8.3 ಅಥವಾ 8.4. ಆಮೇಲೆ ಅದರದೇ ಟ್ಯಾಪ್. ಅದರ ಹೊರ ವ್ಯಾಸ ಸುಮಾರು 9.6, ಪಿಚ್ ಮಾತ್ರ ಮೊದಲಿನ 1.25. ಮಾಮೂಲಿ 10ರ ಟ್ಯಾಪ್ ನಡೆಯೋದಿಲ್ಲ, ಅದರ ಪಿಚ್ 1.5. ಟ್ಯಾಪನ್ನು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಆಡಿಸುತ್ತಾ ಇಳಿಸಬೇಕು, ನೆಟ್ಟಗಿದೆಯೇ ಅಂತ ಗುಣಿಯಿಂದ ಎರಡು ಕಡೆ ನೋಡಬೇಕು. ಸೊಟ್ಟ ತೂತಿಗೆ ಹೆಲಿಕಾಯಿಲ್ ಹಾಕಿದರೆ ಬೋಲ್ಟಿನ ತಲೆ ಒಂದೇ ಬದಿ ಕೂರುತ್ತದೆ. ಸುರುಳಿಯನ್ನು ಮೇಲ್ಮೈಯಿಂದ ಕಾಲರ್ಧ ಸುತ್ತು ಒಳಗೆ ಇಳಿಸಿ, ತಳದ ಕೊಂಡಿಯನ್ನು ಮುರಿದು ಹೊರತೆಗೆಯಬೇಕು.

ಹೀಗೆ ಮಾಡಿದ ತೂತು ಹೊಸದಕ್ಕಿಂತ ಗಟ್ಟಿ ಅಂದರೆ ಕೆಲವರು ನಗ್ತಾರೆ. ನೋಡ್ರಿ, ಅಲ್ಯೂಮಿನಿಯಂ ಈಗ 8ರ ಬದಲು 9.6 ವ್ಯಾಸದಲ್ಲಿ ಭಾರ ಹೊರುತ್ತಿದೆ. ಅಷ್ಟೇ ಆಳಕ್ಕೆ ಐದನೇ ಒಂದು ಭಾಗ ಹೆಚ್ಚು ಜಾಗ ಸಿಕ್ಕಿತು. ಮೇಲಾಗಿ ಬೋಲ್ಟು ಉಜ್ಜೋದು ಸ್ಟೇನ್‌ಲೆಸ್ಸಿಗೆ.

ಪ್ಲಗ್ ತೂತಿಗೆ ಮಾತ್ರ ನಾನು ಗಟ್ಟಿ ಬುಶ್ ಒಳ್ಳೆಯದು ಅಂತೇನೆ. ಪದೇ ಪದೇ ಬಿಚ್ಚುವ ಜಾಗ ಅದು, ಸುರುಳಿ ಪ್ಲಗ್ ಜೊತೆಗೇ ಹೊರಬರಬಹುದು. ಬುಶ್ ತಿರುವುವ ಲೇಥ್ ಕೆಲಸಕ್ಕೆ ಈ ಸೀಮೆಯಲ್ಲಿ ಕೊರತೆ ಇಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಬೆಳಗಾವಿ ಬಿಟ್ಟು ಕಿರ್ಲೋಸ್ಕರವಾಡಿ ಕಟ್ಟಿದರು, 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇಥ್ ಕಾರ್ಖಾನೆ ಬಂತು, ಇತ್ತ ಕೊಲ್ಹಾಪುರದ ಉದ್ಯಮನಗರ. ಆ ಕೈಕಸುಬು ಇನ್ನೂ ಇದೆ. ಹೆಡ್ಡು ಇಳಿಸದೆ ಮಾಡೋದಾದರೆ ಪಿಸ್ಟನ್ ಕೆಳಗಿರಲಿ, ಟ್ಯಾಪಿನ ಗಾಡಿಗಳಿಗೆ ದಪ್ಪ ಗ್ರೀಸ್ ತುಂಬಿ, ಎರಡು ಸುತ್ತಿಗೊಮ್ಮೆ ಹೊರತೆಗೆದು ಒರೆಸಿ. ಒಳಗೆ ಬಿದ್ದ ಚೂರು ಸಿಲಿಂಡರ್ ಗೋಡೆಗೆ ಗೀರು ಹಾಕಿದರೆ ಉಳಿಸಿದ ಹಣಕ್ಕಿಂತ ಖರ್ಚು ದೊಡ್ಡದು.

ಪ್ರಶ್ನೆ (ಒಬ್ಬ ವಿದ್ಯಾರ್ಥಿ): ಸರ್, ಆಯಿಲ್ ಚೇಂಬರಿನ ನಟ್ಟಿಗೆ ಟೆಫ್ಲಾನ್ ಟೇಪ್, ಎಂ-ಸೀಲ್ ಹಾಕ್ತಾರಲ್ಲ?

ಉತ್ತರ: ಸೋರಿಕೆ ಒಂದಿಷ್ಟು ದಿನ ನಿಲ್ಲಬಹುದು, ಹಿಡಿತ ಬರೋದಿಲ್ಲ. ದಾರಿಯಲ್ಲಿ ನಟ್ಟು ಬಿದ್ದರೆ ಎಣ್ಣೆ ಪೂರ್ತಿ ಹೋಗಿ ಬೇರಿಂಗ್ ಸುಡುತ್ತದೆ. ಊರು ಮುಟ್ಟೋವರೆಗೆ ಅಂತಾದರೂ ನಾನು ಒಪ್ಪೋದಿಲ್ಲ.

ಪ್ರಶ್ನೆ (ಅಧ್ಯಾಪಕರೊಬ್ಬರು): ಹೆಡ್ ಬೋಲ್ಟಿಗೂ ಇದೇ ಕ್ರಮವೇ?

ಉತ್ತರ: ಕ್ರಮ ಇದೇ ಸರ್, ಆದರೆ ಕೈ ಡ್ರಿಲ್ಲಿನಿಂದ ಬೇಡ. ಬ್ಲಾಕನ್ನು ಮಶೀನ್ ಶಾಪಿಗೆ ಕೊಟ್ಟು ನೆಟ್ಟಗೆ ಕೊರೆಸಬೇಕು, ಸುರುಳಿಯ ಉದ್ದ ವ್ಯಾಸದ ಒಂದೂವರೆ ಪಟ್ಟಾದರೂ ಇರಬೇಕು. ತೂತು ನೀರಿನ ಜಾಕೆಟ್ಟಿಗೆ ತೆರೆದುಕೊಂಡಿದ್ದರೆ ಥ್ರೆಡ್ಡಿಗೆ ಸೀಲೆಂಟ್ ಹಚ್ಚಲೇಬೇಕು. ಕೋನದ ಲೆಕ್ಕದಲ್ಲಿ ಬಿಗಿ ಮಾಡುವ ಬೋಲ್ಟು ಒಮ್ಮೆ ಹಿಗ್ಗಿರುತ್ತದೆ, ಕಂಪನಿ ಪುಸ್ತಕ ಹೊಸದು ಹಾಕಿ ಅಂದಿದ್ದರೆ ಹೊಸದೇ ಹಾಕಬೇಕು.