ಕೇಳಿದ್ದು, ಹಾಡಿದ್ದು, ಓದಿದ್ದು: ಕಲಿಕೆಗೆ ತಕ್ಕಂತೆ ಬದಲಾಗುವ ಮಿದುಳು

ಹುಟ್ಟಿದ ಕೂಸಿನ ಮಿದುಳು ಇನ್ನೂ ಯಾವ ಭಾಷೆಗೂ ಸೇರಿರುವುದಿಲ್ಲ. ಆರೆಂಟು ತಿಂಗಳವರೆಗೆ ಮಗುವಿನ ಕಿವಿ ಎಂದೂ ಕೇಳದ ಭಾಷೆಗಳ ಧ್ವನಿಭೇದಗಳನ್ನೂ ಹಿಡಿಯಬಲ್ಲದು. ವರ್ಷ ತುಂಬುವಷ್ಟರಲ್ಲಿ ಈ ಶಕ್ತಿ ಸೊರಗಿ, ಸುತ್ತಲಿನವರು ಆಡುವ ಮಾತಿನ ಧ್ವನಿಗಳಲ್ಲಷ್ಟೇ ಹರಿತವಾಗಿ ಉಳಿಯುತ್ತದೆ. ಇದನ್ನು 1984ರಲ್ಲಿ ತೋರಿಸಿಕೊಟ್ಟವರು ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್. ಅವರು ಇಂಗ್ಲಿಷ್ ಮನೆಗಳ ಮಕ್ಕಳಿಗೆ ಕೇಳಿಸಿದ್ದು ಹಿಂದಿಯ ತ ಮತ್ತು ಟ ಧ್ವನಿಗಳನ್ನು. ಆರೆಂಟು ತಿಂಗಳ ಮಕ್ಕಳು ಅವೆರಡನ್ನೂ ಸಲೀಸಾಗಿ ಬೇರ್ಪಡಿಸಿದರು. ಹತ್ತು ಹನ್ನೆರಡು ತಿಂಗಳ ಮಕ್ಕಳಲ್ಲಿ ಹೆಚ್ಚಿನವರಿಗೆ ಎರಡೂ ಒಂದೇ ಆಗಿ ಕೇಳಿಸಿದವು. ಮಿದುಳಿನ ಮೇಲೆ ಅನುಭವ ಮಾಡುವ ಮೊದಲ ದೊಡ್ಡ ಕೆಲಸಗಳಲ್ಲಿ ಇದೂ ಒಂದು, ಮತ್ತು ಮಗು ಒಂದು ಮಾತನ್ನೂ ಆಡುವ ಮೊದಲೇ ಅದು ನಡೆದುಹೋಗಿರುತ್ತದೆ.

ಕಾರವಾರ ತಾಲ್ಲೂಕಿನ ಹಣಕೋಣದಂಥ ಊರಿನಲ್ಲಿ ಈ ಕೆಲಸ ಇನ್ನಷ್ಟು ಸಂಕೀರ್ಣವಾಗುತ್ತದೆ. ಅಲ್ಲಿನ ಬಹಳಷ್ಟು ಮನೆಗಳ ಮಾತು ಕೊಂಕಣಿ, ಶಾಲೆ ಮತ್ತು ಕಚೇರಿಯ ಮಾತು ಕನ್ನಡ. ಊರಿನ ಸಾತೇರಿ ದೇವಿಯ ಗುಡಿ ವರ್ಷಕ್ಕೆ ಏಳು ದಿನ ಮಾತ್ರ ಬಾಗಿಲು ತೆರೆದಾಗ ಗೋವಾ, ಮಹಾರಾಷ್ಟ್ರಗಳ ಭಕ್ತರೊಡನೆ ಮರಾಠಿಯೂ ಬರುತ್ತದೆ. ಕಾರವಾರವನ್ನೊಳಗೊಂಡ ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿ 1956ರವರೆಗೆ ಅಲ್ಲಿಯೇ ಇದ್ದುದರಿಂದ ಮರಾಠಿ ಈ ಕರಾವಳಿಗೆ ಹೊರಗಿನದೇನಲ್ಲ. ಕೊಂಕಣಿಯಲ್ಲಿ ಮೂಗಿನಿಂದ ಹೊರಡುವ ಸ್ವರಗಳು ಪದದ ಅರ್ಥವನ್ನೇ ಬದಲಿಸುತ್ತವೆ, ಕನ್ನಡದಲ್ಲಿ ಹಾಗಿಲ್ಲ. ಕನ್ನಡಕ್ಕೆ ಬೇಕಾದದ್ದು ಹ್ರಸ್ವ ದೀರ್ಘಗಳ ಕಟ್ಟುನಿಟ್ಟು: ಕೆರೆ ಬೇರೆ, ಕೇರೆ ಬೇರೆ. ಎರಡೂ ಮಾತು ಕಿವಿಗೆ ಬೀಳುವ ಮನೆಯ ಮಗು ಈ ಎರಡೂ ಬಗೆಯ ಭೇದಗಳನ್ನು ಉಳಿಸಿಕೊಳ್ಳುತ್ತದೆ. ಕನ್ನಡವೊಂದನ್ನೇ ಕೇಳಿ ಬೆಳೆದ ವಯಸ್ಕರು ಕೊಂಕಣಿಯ ಆ ಮೂಗಿನ ಸ್ವರಗಳ ಭೇದವನ್ನು ಆಮೇಲೆ ಕಲಿಯಲು ಹೆಣಗಬೇಕಾಗುತ್ತದೆ.

ಈ ಬದಲಾವಣೆ ನಡೆಯುವ ತಾಣ ನರಕೋಶಗಳು ಸಂಧಿಸುವ ಜಾಗ. ವಯಸ್ಕರ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದೂ ಸಾವಿರಾರು ಇತರ ಕೋಶಗಳೊಡನೆ ಸಿನಾಪ್ಸ್ ಎಂಬ ಅತಿ ಕಿರಿದಾದ ಸಂಧಿಗಳ ಮೂಲಕ ವ್ಯವಹರಿಸುತ್ತದೆ. ಒಂದು ಕೋಶ ಮತ್ತೊಂದನ್ನು ಪದೇ ಪದೇ ಉದ್ರೇಕಿಸಿದರೆ ಅವೆರಡರ ನಡುವಿನ ಸಂಧಿ ಬಲಗೊಳ್ಳಬೇಕು ಎಂದು ಕೆನಡಾದ ಮನೋವಿಜ್ಞಾನಿ ಡೊನಾಲ್ಡ್ ಹೆಬ್ 1949ರಲ್ಲಿ ತರ್ಕಿಸಿದ್ದ. ಪ್ರಯೋಗದ ಆಧಾರ ಸಿಕ್ಕಿದ್ದು 1973ರಲ್ಲಿ. ಟಿಮ್ ಬ್ಲಿಸ್ ಮತ್ತು ಟೆರ್ಜೆ ಲೋಮೊ ಮೊಲದ ಮಿದುಳಿನಲ್ಲಿ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ವಿದ್ಯುತ್ ಸಂಕೇತಗಳನ್ನು ವೇಗವಾಗಿ ಕೊಟ್ಟಾಗ ಅಲ್ಲಿನ ಸಂಧಿಗಳು ಬಲಗೊಂಡವು, ಆ ಬಲ ತಾಸುಗಟ್ಟಲೆ ಉಳಿಯಿತು. ಆ ಸಂಧಿಗಳಲ್ಲಿರುವ ಒಂದು ಬಗೆಯ ಗ್ರಾಹಕ ಎರಡು ಷರತ್ತು ಒಟ್ಟಿಗೆ ಈಡೇರಿದರಷ್ಟೇ ತೆರೆದುಕೊಳ್ಳುತ್ತದೆ: ಕಳಿಸುವ ಕೋಶದಿಂದ ಗ್ಲುಟಮೇಟ್ ಬರಬೇಕು, ಪಡೆಯುವ ಕೋಶವೂ ಆಗಲೇ ಎಚ್ಚೆತ್ತಿರಬೇಕು. ಆಗ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಸಂಧಿಗೆ ಹೊಸ ಗ್ರಾಹಕಗಳು ಬಂದು ಸೇರುತ್ತವೆ. ಕಲಿಕೆ ಮುಂದುವರಿದರೆ ಹೊಸ ಪ್ರೋಟೀನುಗಳು ತಯಾರಾಗಿ ಸಂಧಿಯ ಆಕಾರವೇ ಬದಲಾಗುತ್ತದೆ. ಅಂದರೆ ನೆನಪು ಮಿದುಳಿನ ರಚನೆಯಲ್ಲೇ ನಡೆದ ಒಂದು ಮಾರ್ಪಾಡು.

ಬಲಗೊಳ್ಳುವುದರಷ್ಟೇ ಮುಖ್ಯ ಕಳಚಿಹೋಗುವುದು. ಬಾಲ್ಯದಲ್ಲಿ ಮಿದುಳು ಬೇಕಾದುದಕ್ಕಿಂತ ಬಹಳ ಹೆಚ್ಚು ಸಂಧಿಗಳನ್ನು ಬೆಳೆಸಿ, ಬಳಕೆಗೆ ಬಾರದವನ್ನು ಹರೆಯ ಕಳೆಯುವವರೆಗೂ ಸವರುತ್ತಾ ಹೋಗುತ್ತದೆ. ತ ಮತ್ತು ಟ ಭೇದವನ್ನು ಮರೆಯುವ ಮಗು ಸೋತಿದೆ ಎಂದು ತಿಳಿಯಬಾರದು. ಅದರ ಮಿದುಳು ತನ್ನ ಸುತ್ತಿನ ಮಾತಿಗೆ ಒಗ್ಗಿಕೊಳ್ಳುತ್ತಿದೆ, ಅಷ್ಟೆ.

ಶಾಲೆಗೆ ಬಂದ ಮಗುವಿಗೆ ಎದುರಾಗುವ ಓದು ಬೇರೆಯೇ ಬಗೆಯ ಕಲಿಕೆ. ಮಾತನ್ನು ಎಲ್ಲ ಮಕ್ಕಳೂ ಕೇಳಿಯೇ ಕಲಿಯುತ್ತವೆ, ಓದನ್ನು ಯಾರಾದರೂ ಕಲಿಸಬೇಕು. ಬರವಣಿಗೆಗೆ ಐದು ಸಾವಿರ ವರ್ಷಗಳಿಗಿಂತ ತುಸು ಹೆಚ್ಚಿನ ವಯಸ್ಸು. ಮಿದುಳಿನಲ್ಲಿ ಓದಿಗೆಂದೇ ಒಂದು ಭಾಗ ವಿಕಾಸಗೊಳ್ಳಲು ಅಷ್ಟು ಕಾಲ ಸಾಲದು. ಹಾಗಾಗಿ ಮುಖ, ವಸ್ತು, ಗೆರೆಗಳನ್ನು ಗುರುತಿಸುತ್ತಿದ್ದ ದೃಷ್ಟಿಭಾಗಗಳೇ ಅಕ್ಷರದ ಕೆಲಸಕ್ಕೂ ಪಳಗಬೇಕು. ಕನ್ನಡ ಲಿಪಿಯಲ್ಲಿ ಆ ಪಳಗುವಿಕೆ ನಿಧಾನ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಮಗು ಗುರುತಿಸಬೇಕಾದ ರೂಪಗಳು ನಾನೂರನ್ನೂ ದಾಟುತ್ತವೆ. ಬೆಂಗಳೂರಿನ ಮಕ್ಕಳ ಕನ್ನಡ ಓದನ್ನು ಅಭ್ಯಸಿಸಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಅಕ್ಷರಗಳ ಕಲಿಕೆ ಮೊದಲೊಂದೆರಡು ತರಗತಿಗಳಲ್ಲಿ ಮುಗಿಯದೆ ಮುಂದಿನ ತರಗತಿಗಳಿಗೂ ಹರಡಿಕೊಳ್ಳುತ್ತದೆ. ಒಂದು ಅಕ್ಷರದೊಳಗಿನ ವ್ಯಂಜನ, ಸ್ವರಗಳನ್ನು ಬಿಡಿಬಿಡಿಯಾಗಿ ಕೇಳಿಸಿಕೊಳ್ಳುವ ಅರಿವು ಅದಕ್ಕಿಂತಲೂ ತಡವಾಗಿ ಮೂಡುತ್ತದೆ. ಎರಡನೆಯ ತರಗತಿಯಲ್ಲಿ ಒತ್ತಕ್ಷರಕ್ಕೆ ತಡವರಿಸುವ ಮಗುವನ್ನು ದಡ್ಡನೆಂದು ಬದಿಗಿಡುವುದು ತೀರಾ ಅನ್ಯಾಯ. ಮನೆಯಲ್ಲಿ ಕೊಂಕಣಿ ಆಡುವ ಮಗುವಾದರಂತೂ ಅದು ಹೊಸ ಲಿಪಿಯ ಜೊತೆಗೆ ಹೊಸ ಮಾತನ್ನೂ ಕಲಿಯುತ್ತಿರುತ್ತದೆ. 2007ರಿಂದ ಕರ್ನಾಟಕದ ಶಾಲೆಗಳಲ್ಲಿ ಕೊಂಕಣಿಯನ್ನು ತೃತೀಯ ಭಾಷೆಯಾಗಿ ಆರಿಸಿಕೊಳ್ಳುವ ಅವಕಾಶವಿದೆ, ಕನ್ನಡ ಲಿಪಿಯಲ್ಲೂ ದೇವನಾಗರಿಯಲ್ಲೂ. ಆದರೆ ಅದು ಸಿಗುವುದು ಹಿರಿಯ ಪ್ರಾಥಮಿಕ ಹಂತದಲ್ಲಿ. ಮನೆಮಾತಿನ ಆಸರೆ ಹೆಚ್ಚು ಬೇಕಾಗಿರುವುದು ಒಂದು, ಎರಡನೆಯ ತರಗತಿಗಳಲ್ಲಿ.

ಓದು ಬಾಲ್ಯಕ್ಕೆ ಮಾತ್ರ ಮೀಸಲಾದ ಕಲಿಕೆಯೂ ಅಲ್ಲ. ಫಾಲ್ಕ್ ಹುಯೆಟಿಗ್ ಮತ್ತು ಸಂಗಡಿಗರು ಉತ್ತರ ಪ್ರದೇಶದ ಲಖನೌ ಬಳಿಯ ಹಳ್ಳಿಗಳಲ್ಲಿ ಅಕ್ಷರ ಬಾರದ ವಯಸ್ಕರಿಗೆ ಆರು ತಿಂಗಳು ದೇವನಾಗರಿ ಕಲಿಸಿದರು. ಅವರಲ್ಲಿ ಹೆಚ್ಚಿನವರು ಮಹಿಳೆಯರು, ಮೂವತ್ತರ ಆಸುಪಾಸಿನವರು. ಕಲಿಕೆಗೆ ಮೊದಲೂ ಆಮೇಲೂ ಅವರ ಮಿದುಳಿನ ಸ್ಕ್ಯಾನ್ ಮಾಡಲಾಯಿತು. 2017ರಲ್ಲಿ ಹೊರಬಂದ ಫಲಿತಾಂಶ ವಿಜ್ಞಾನಿಗಳನ್ನೂ ಬೆರಗುಗೊಳಿಸಿತು. ಬದಲಾವಣೆ ಮಿದುಳಿನ ಹೊರಪದರಕ್ಕೆ ಸೀಮಿತವಾಗಿರಲಿಲ್ಲ. ಆಳದಲ್ಲಿರುವ ಥಲಾಮಸ್ ಮತ್ತು ಮಿದುಳುಕಾಂಡದ ಭಾಗಗಳು ದೃಷ್ಟಿಭಾಗದೊಡನೆ ಮೊದಲಿಗಿಂತ ಹೆಚ್ಚು ಹೊಂದಿಕೊಂಡು ಕೆಲಸ ಮಾಡತೊಡಗಿದ್ದವು. ಅಕ್ಷರ ಕಲಿತರೆ ಮುಖ ಗುರುತಿಸುವ ಶಕ್ತಿ ಕುಗ್ಗೀತೇ ಎಂಬ ಸಂದೇಹ ಸಂಶೋಧಕರಲ್ಲಿ ಹಿಂದಿನಿಂದಲೂ ಇತ್ತು. ಅದೇ ಬಳಗ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ನಷ್ಟ ಕಾಣಲಿಲ್ಲ. ವಯಸ್ಕರ ಸಾಕ್ಷರತಾ ತರಗತಿಗಳನ್ನು ಕಾಟಾಚಾರಕ್ಕೆ ನಡೆಸುವವರು ಈ ಎರಡು ಅಧ್ಯಯನಗಳತ್ತ ಒಮ್ಮೆ ಕಣ್ಣು ಹಾಯಿಸಬೇಕು.

ಓದು ಬಾರದವರ ಮಿದುಳು ಕಲಿಯದ ಮಿದುಳು ಎಂಬ ಭಾವನೆಗೆ ಕಾರವಾರದ ನೆರೆಯ ಅಂಕೋಲಾ ತಾಲ್ಲೂಕಿನಲ್ಲೇ ಗಟ್ಟಿಯಾದ ಉತ್ತರವಿದೆ. ಬಡಗೇರಿಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಮತ್ತು ಕಾಡಿನ ಗಿಡಮರಗಳನ್ನು ಬಲ್ಲ ಹೊನ್ನಳ್ಳಿಯ ತುಳಸಿ ಗೌಡ ಇಬ್ಬರೂ ಹಾಲಕ್ಕಿ ಒಕ್ಕಲಿಗ ಸಮುದಾಯದವರು, ಇಬ್ಬರೂ ಶಾಲೆಯ ಓದು ಕಾಣದವರು. ಸುಕ್ರಿ ಬೊಮ್ಮಗೌಡರಿಗೆ ಪದ್ಮಶ್ರೀ ಸಂದದ್ದು 2017ರಲ್ಲಿ, ತುಳಸಿ ಗೌಡರು ಅದನ್ನು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದುಹೋಗಿ ಸ್ವೀಕರಿಸಿದ್ದು 2021ರಲ್ಲಿ. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ, ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು.

ಸುಕ್ರಿ ಬೊಮ್ಮಗೌಡರ ನೆನಪಿನಲ್ಲಿದ್ದ ಹಾಡುಗಳು ಸಾವಿರಾರು. ಪುಸ್ತಕದ ನೆರವಿಲ್ಲದೆ ಅಷ್ಟನ್ನು ಹಿಡಿದಿಡುವುದು ಹೇಗೆ ಸಾಧ್ಯ ಎಂಬುದಕ್ಕೆ ಹಾಡುಗಳ ಬದುಕಿನಲ್ಲೇ ಅರ್ಧ ಉತ್ತರವಿದೆ. ಹಾಲಕ್ಕಿ ಹಾಡು ಸಂದರ್ಭಕ್ಕೆ ಅಂಟಿಕೊಂಡು ಬರುತ್ತದೆ: ಮದುವೆಗೆ, ಸುಗ್ಗಿಗೆ, ಗದ್ದೆಯ ಕೆಲಸಕ್ಕೆ. ಹಾಡನ್ನು ಎಬ್ಬಿಸಲು ಆ ಸಂದರ್ಭವೇ ಸಾಕು. ಲಯ ಮುಂದಿನ ಸಾಲಿನ ಅಳತೆಯನ್ನು ಮೊದಲೇ ಹೇಳಿಬಿಡುತ್ತದೆ, ಜೊತೆಯವರ ದನಿ ತಪ್ಪನ್ನು ತಿದ್ದುತ್ತದೆ. ಎಲ್ಲಕ್ಕಿಂತ ದೊಡ್ಡದು ವರ್ಷ ವರ್ಷವೂ ಅದೇ ಹಾಡನ್ನು ನೆನಪಿನಿಂದಲೇ ಎತ್ತಿ ಹಾಡುವುದು. ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದರಿಂದ ಕಲಿತದ್ದು ಹೆಚ್ಚು ಕಾಲ ಉಳಿಯುತ್ತದೆ ಎಂದು ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ವಿದ್ಯಾರ್ಥಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದರು. ಮಧ್ಯೆ ಬಿಡುವು ಕೊಟ್ಟು ಮಾಡುವ ಅಭ್ಯಾಸ ಒಂದೇ ಕೂತಿನ ಅಭ್ಯಾಸಕ್ಕಿಂತ ಮೇಲು ಎಂಬುದು 1885ರಲ್ಲಿ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ಕಂಡ ಸಂಗತಿ. ಹಾಲಕ್ಕಿ ಹೆಂಗಸರ ಹಾಡಿನ ಪರಂಪರೆಯಲ್ಲಿ ಈ ಎರಡೂ ಸೇರಿವೆ.

ಇಷ್ಟು ದೀರ್ಘವಾದ ಬಾಯಿಪಾಠ ಮಿದುಳಿನಲ್ಲಿ ಯಾವ ಗುರುತು ಬಿಡುತ್ತದೆ ಎಂಬುದಕ್ಕೆ ಹತ್ತಿರದ ಪುರಾವೆ ವೇದಾಧ್ಯಯನದಿಂದ ಬಂದಿದೆ. ಜೇಮ್ಸ್ ಹಾರ್ಟ್ಜೆಲ್ ಮತ್ತು ಸಂಗಡಿಗರು ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ 21 ಮಂದಿ ಶುಕ್ಲ ಯಜುರ್ವೇದ ಪಂಡಿತರ ಮಿದುಳನ್ನು ಸ್ಕ್ಯಾನ್ ಮಾಡಿ, ಅಷ್ಟೇ ಸಂಖ್ಯೆಯ ಇತರರ ಮಿದುಳಿನೊಡನೆ ಹೋಲಿಸಿದರು. 2016ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಪಂಡಿತರ ಮಿದುಳಿನ ಹೊರಪದರದ ಹಲವು ಕಡೆ ಬೂದುದ್ರವ್ಯ (ನರಕೋಶಗಳು ದಟ್ಟವಾಗಿರುವ ಭಾಗ) ಹೆಚ್ಚಿತ್ತು, ಬಲಗಡೆಯ ಹಿಪೊಕ್ಯಾಂಪಸ್‌ನಲ್ಲೂ ಹೆಚ್ಚಿತ್ತು. ಇಂಥ ಹೋಲಿಕೆಯಲ್ಲಿ ಒಂದು ತೊಡಕಿದೆ. ಹುಟ್ಟಿನಿಂದಲೇ ಅಂಥ ಮಿದುಳಿದ್ದವರೇ ಪಂಡಿತರಾದರೋ, ಅಧ್ಯಯನದಿಂದ ಮಿದುಳು ಹಾಗಾಯಿತೋ ಎಂಬುದನ್ನು ಒಂದು ಬಾರಿಯ ಸ್ಕ್ಯಾನ್ ಹೇಳಲಾರದು. ಈ ತೊಡಕನ್ನು ಬಿಡಿಸಿದ್ದು ಲಂಡನ್ನಿನ ಟ್ಯಾಕ್ಸಿ ಚಾಲಕರ ಅಧ್ಯಯನ. ಊರಿನ ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾದರೆ ಮಾತ್ರ ಅಲ್ಲಿ ಟ್ಯಾಕ್ಸಿ ಓಡಿಸಲು ಪರವಾನಗಿ. ಅನುಭವಿ ಚಾಲಕರ ಹಿಪೊಕ್ಯಾಂಪಸ್‌ನ ಹಿಂಭಾಗ ದೊಡ್ಡದು ಎಂದು ಎಲಿನೊರ್ ಮೆಗ್ವೈರ್ 2000ದಲ್ಲಿ ಕಂಡುಕೊಂಡರು. ಆಮೇಲೆ ಕ್ಯಾಥರೀನ್ ವುಲೆಟ್ ಜೊತೆಗೂಡಿ 79 ಅಭ್ಯರ್ಥಿಗಳನ್ನು ಕಲಿಕೆಯ ಮೊದಲೂ ಕೆಲವು ವರ್ಷಗಳ ನಂತರವೂ ಪರೀಕ್ಷಿಸಿದರು. 2011ರ ವರದಿಯಂತೆ ಆರಂಭದಲ್ಲಿ ಎಲ್ಲರ ಮಿದುಳೂ ಒಂದೇ ಬಗೆಯದು. ಪಾಸಾದವರಲ್ಲಿ ಮಾತ್ರ ಆ ಭಾಗ ಬೆಳೆದಿತ್ತು.

ತುಳಸಿ ಗೌಡರ ಕಲಿಕೆ ಕಣ್ಣು ಮತ್ತು ಕೈಯದು. ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದಶಕಗಳ ಕಾಲ ದುಡಿದ ಅವರು ಒಳ್ಳೆಯ ಬೀಜ ಕೊಡುವ ತಾಯಿಮರವನ್ನು ಕಾಡಿನಲ್ಲಿ ನೋಡಿಯೇ ಗುರುತಿಸುತ್ತಿದ್ದರು, ಯಾವ ಬೀಜವನ್ನು ಯಾವಾಗ ಸಂಗ್ರಹಿಸಿ ಹೇಗೆ ಮೊಳೆಸಬೇಕೆಂದು ಬಲ್ಲವರಾಗಿದ್ದರು. ಜನ ಅವರನ್ನು ಕಾಡಿನ ವಿಶ್ವಕೋಶ ಎಂದು ಕರೆದದ್ದು ಇದಕ್ಕಾಗಿಯೇ. ಬೇರೆಯವರಿಗೆ ಬರಿಯ ಹಸಿರಾಗಿ ಕಾಣುವ ಕಡೆ ಪಳಗಿದ ಕಣ್ಣು ಜಾತಿ, ವಯಸ್ಸು, ಆರೋಗ್ಯಗಳನ್ನು ಬೇರ್ಪಡಿಸುತ್ತದೆ. ಇಸಬೆಲ್ ಗೋತಿಯೆ ಮತ್ತು ಸಂಗಡಿಗರು 2000ದಲ್ಲಿ ಹಕ್ಕಿಗಳ ಪರಿಣತರನ್ನೂ ಕಾರುಗಳ ಪರಿಣತರನ್ನೂ ಅಭ್ಯಸಿಸಿದಾಗ, ಮುಖಗಳಿಗೆ ಸ್ಪಂದಿಸುವ ಮಿದುಳಿನ ಭಾಗ ಅವರವರ ಪರಿಣತಿಯ ವಸ್ತುವಿಗೂ ಸ್ಪಂದಿಸಿತು. ಆ ಭಾಗ ಮುಖಕ್ಕೇ ಮೀಸಲೋ, ಪರಿಣತಿಗೆ ತೆರೆದದ್ದೋ ಎಂಬ ವಾದ ಇನ್ನೂ ಮುಗಿದಿಲ್ಲ. ಸೂಕ್ಷ್ಮ ಭೇದಗಳನ್ನು ಕಾಣುವ ಶಕ್ತಿ ಅಭ್ಯಾಸದಿಂದ ಬೆಳೆಯುತ್ತದೆ ಎಂಬುದರಲ್ಲಿ ಮಾತ್ರ ವಾದವಿಲ್ಲ.

ಕಲಿತದ್ದು ನೆಲೆಗೊಳ್ಳಲು ನಿದ್ದೆ ಬೇಕು. ಹಗಲು ಓಡಾಡಿದ ದಾರಿಯಲ್ಲಿ ಒಟ್ಟಿಗೆ ಮಿಡಿದಿದ್ದ ಇಲಿಯ ಹಿಪೊಕ್ಯಾಂಪಸ್ ಕೋಶಗಳು ನಿದ್ದೆಯಲ್ಲೂ ಒಟ್ಟಿಗೆ ಮಿಡಿಯುತ್ತವೆ ಎಂದು ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ 1994ರಲ್ಲಿ ತೋರಿಸಿದರು. ಪರೀಕ್ಷೆಯ ಹಿಂದಿನ ರಾತ್ರಿ ಮಕ್ಕಳನ್ನು ಎಚ್ಚರವಿರಿಸಿ ಓದಿಸುವುದು ಈ ಕೆಲಸಕ್ಕೇ ಅಡ್ಡಿ. ದೀರ್ಘಕಾಲದ ಭಯ, ಒತ್ತಡಗಳೂ ಹಿಪೊಕ್ಯಾಂಪಸ್‌ಗೆ ಹಾನಿಕರ. ಹೊಡೆತದ ಹೆದರಿಕೆಯಲ್ಲಿ ಕಲಿಸುವ ಪದ್ಧತಿಗೆ ಮಿದುಳಿನ ವಿಜ್ಞಾನದಲ್ಲಿ ಯಾವ ಸಮರ್ಥನೆಯೂ ಇಲ್ಲ.

ಇಳಿವಯಸ್ಸಿಗೆ ಬಂದಾಗ ಕಾರವಾರದಂಥ ಬಹುಭಾಷಿಕ ಊರುಗಳ ಪ್ರಶ್ನೆ ಮತ್ತೆ ಎದುರಾಗುತ್ತದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ನರವೈದ್ಯೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ 648 ಮರೆಗುಳಿ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. ಒಂದೇ ಭಾಷೆಯವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ರೋಗದ ಲಕ್ಷಣ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ಈ ಅಂತರ ಉಳಿದಿತ್ತು, ಆದ್ದರಿಂದ ಅದನ್ನು ಶಾಲಾ ಶಿಕ್ಷಣದ ಫಲವೆಂದು ತಳ್ಳಿಹಾಕಲಾಗದು. ಮೂರನೆಯ ಭಾಷೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ವಲಸೆ ಬಂದು ಎರಡನೆಯ ಭಾಷೆ ಕಲಿತವರ ಸ್ಥಿತಿಗೂ, ಹುಟ್ಟಿದೂರಿನಲ್ಲೇ ದಿನವೂ ಎರಡು ಭಾಷೆಯಲ್ಲಿ ಬದುಕುವವರ ಸ್ಥಿತಿಗೂ ವ್ಯತ್ಯಾಸವಿರುವುದು ಇದಕ್ಕೆ ಒಂದು ಕಾರಣವಿದ್ದೀತು.

ಅದೇ ತಂಡ 608 ಪಾರ್ಶ್ವವಾಯು ರೋಗಿಗಳ ಬಗ್ಗೆ 2016ರಲ್ಲಿ ಪ್ರಕಟಿಸಿದ ವರದಿಯಂತೆ, ಆಘಾತದ ನಂತರವೂ ಗ್ರಹಿಕೆ, ಸ್ಮರಣೆಗಳು ಸರಿಯಾಗಿ ಉಳಿದವರ ಪ್ರಮಾಣ ದ್ವಿಭಾಷಿಕರಲ್ಲಿ ಶೇ 40ರಷ್ಟು, ಏಕಭಾಷಿಕರಲ್ಲಿ ಶೇ 20ರ ಹತ್ತಿರ. ಪಾರ್ಶ್ವವಾಯುವಿನಲ್ಲಿ ಸತ್ತ ನರಕೋಶಗಳು ಮರಳಿ ಬರುವುದಿಲ್ಲ. ಚೇತರಿಕೆಯೆಂದರೆ ಉಳಿದ ಕೋಶಗಳು ಹೊಸ ಸಂಧಿಗಳ ಮೂಲಕ ಕಳೆದುಹೋದ ಕೆಲಸವನ್ನು ವಹಿಸಿಕೊಳ್ಳುವುದು. ಮೊದಲ ಕೆಲವು ತಿಂಗಳಲ್ಲಿ ಇದು ಚುರುಕಾಗಿ ನಡೆಯುತ್ತದೆ, ಆ ಬಳಿಕವೂ ಅಭ್ಯಾಸಕ್ಕೆ ಫಲವಿದೆ. ಮಾತು ಕಳೆದುಕೊಂಡ ಬಹುಭಾಷಿಕರಲ್ಲಿ ಎಲ್ಲ ಭಾಷೆಗಳೂ ಒಂದೇ ಪ್ರಮಾಣದಲ್ಲಿ ಮರಳಬೇಕೆಂದಿಲ್ಲ. ಒಮ್ಮೊಮ್ಮೆ ಒಂದು ಭಾಷೆ ಬೇಗ, ಇನ್ನೊಂದು ತಡವಾಗಿ ಬರುತ್ತದೆ. ಆದ್ದರಿಂದ ಕಾರವಾರದ ಕೊಂಕಣಿ ಮನೆಯ ಹಿರಿಯರ ಮಾತಿನ ಪರೀಕ್ಷೆಯೂ ಚಿಕಿತ್ಸೆಯೂ ಕನ್ನಡದ ಜೊತೆಗೆ ಕೊಂಕಣಿಯಲ್ಲೂ ನಡೆಯಬೇಕು. ಮನೆಮಂದಿಯೂ ಅವರೊಡನೆ ಮೊದಲಿನಂತೆಯೇ ಎರಡೂ ಮಾತು ಆಡುತ್ತಿರಬೇಕು.