ನಿಮಗಿದು ಗೊತ್ತೇ? ಹಿಮ ಬಿದ್ದಾಗ ಹತ್ತಿರದ ದಾರಿಯೇ ದೂರ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಕಾರಿನ ಡಿಕ್ಕಿ ತುಂಬುವ ಗಡಿಬಿಡಿ. ಮಕ್ಕಳಿಗೆ ರಜೆ, ಆಫೀಸಿಗೂ ರಜೆ, ಎರಡು ಮೂರು ರಾಜ್ಯ ದಾಟಿ ಹೋಗಿಬರುವ ಹುಮ್ಮಸ್ಸು. ಫೋನಿನ ನಕ್ಷೆ ನೀಲಿ ಗೆರೆಯೊಂದನ್ನು ಎಳೆದು ಇಷ್ಟು ಗಂಟೆ ಎಂದು ಹೇಳಿಬಿಡುತ್ತದೆ. ಆ ಗೆರೆ ಎಷ್ಟು ಎತ್ತರಕ್ಕೆ ಏರುತ್ತದೆ, ಅಲ್ಲಿ ಗಾಳಿ ಹೇಗೆ, ಬಿದ್ದ ಹಿಮ ತೆಗೆಯುವವರು ಇದ್ದಾರೆಯೇ ಎಂಬುದನ್ನು ನಾವೇ ವಿಚಾರಿಸಿಕೊಳ್ಳಬೇಕು. ಚಳಿಗಾಲದಲ್ಲಿ ದಾರಿ ಆರಿಸುವಾಗ ಮೊದಲು ನೋಡಬೇಕಾದ್ದು ಈ ಮೂರು. ಕಿಲೋಮೀಟರಿನ ಲೆಕ್ಕ ಆಮೇಲೆ.

● ಅಮೆರಿಕದ ಇಂಟರ್‌ಸ್ಟೇಟ್ ಹೆದ್ದಾರಿಗಳ ನಂಬರಿನಲ್ಲೇ ಅರ್ಧ ಭೂಗೋಳ ಅಡಗಿದೆ, ಗೊತ್ತೇ? ಸಮಸಂಖ್ಯೆಯ ಮುಖ್ಯ ಹೆದ್ದಾರಿಗಳು ಪೂರ್ವ-ಪಶ್ಚಿಮ, ಬೆಸಸಂಖ್ಯೆಯವು ಉತ್ತರ-ದಕ್ಷಿಣ. ಸಮಸಂಖ್ಯೆ ದಕ್ಷಿಣದಿಂದ ಶುರುವಾಗಿ ಉತ್ತರಕ್ಕೆ ಏರುತ್ತದೆ. ಲಾಸ್ ಏಂಜಲಿಸ್‌ನಿಂದ ಫ್ಲಾರಿಡಾದ ಜಾಕ್ಸನ್‌ವಿಲ್‌ಗೆ ಹೋಗುವುದು ಐ-10. ಅದರ ಮೇಲೆ ಐ-40, ಐ-70, ಐ-80, ಕೆನಡಾ ಗಡಿಯ ಕಡೆಗೆ ಐ-90. ಬೆಸಸಂಖ್ಯೆಯಲ್ಲಿ ಪಶ್ಚಿಮ ಕರಾವಳಿಗೆ ಐ-5, ಪೂರ್ವ ಕರಾವಳಿಗೆ ಐ-95. ದೇಶದ ಒಂದು ತುದಿಯಿಂದ ಇನ್ನೊಂದಕ್ಕೆ ಹೊರಟವರಿಗೆ ಜನವರಿಯಲ್ಲಿ ಇದೇ ಮೊದಲ ಅಂದಾಜು: ನಂಬರು ಸಣ್ಣದಾದಷ್ಟೂ ಹಿಮ ಕಡಿಮೆ.

● ಈ ಅಂದಾಜು ಕೈಕೊಡುವ ಜಾಗ ಅರಿಜೋನಾ. ಮರುಭೂಮಿ, ಕಳ್ಳಿಗಿಡ, ಸುಡುಬಿಸಿಲು ಎಂದುಕೊಂಡು ಐ-40 ಹಿಡಿದವರಿಗೆ ಫ್ಲ್ಯಾಗ್‌ಸ್ಟಾಫ್ ಊರು ಸಿಗುತ್ತದೆ. ಅದರ ಎತ್ತರ ಸುಮಾರು 2,100 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಹೆಚ್ಚು. ವರ್ಷಕ್ಕೆ ಸರಾಸರಿ ಎರಡೂವರೆ ಮೀಟರಿನಷ್ಟು ಹಿಮ ಅಲ್ಲಿ ಬೀಳುತ್ತದೆ. ಊರಿನ ಪಶ್ಚಿಮಕ್ಕೆ 2,236 ಮೀಟರ್ ಎತ್ತರದ ಅರಿಜೋನಾ ಡಿವೈಡ್ ಇದೆ. ಇನ್ನೂ ದಕ್ಷಿಣದ ಐ-10 ಇದೇ ರಾಜ್ಯವನ್ನು ಅದಕ್ಕಿಂತ ಎಷ್ಟೋ ತಗ್ಗಿನಲ್ಲಿ ದಾಟುತ್ತದೆ. ಹವಾಮಾನ ಕೆಟ್ಟಿದ್ದರೆ ಅರ್ಧ ದಿನ ಹೆಚ್ಚಾದರೂ ಆ ಬಳಸುದಾರಿಯೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

● ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚು ವರ್ಷವಿಡೀ ತೆರೆದಿರುತ್ತದೆ, ಉತ್ತರ ಅಂಚಿನ ರಸ್ತೆ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಹಕ್ಕಿ ಹಾರಿದರೆ ಎರಡರ ನಡುವೆ ಸುಮಾರು 16 ಕಿಲೋಮೀಟರ್. ಕಾರಿನಲ್ಲಿ ಸುತ್ತಿಕೊಂಡು ಹೋದರೆ ಸುಮಾರು 345. ಹೋಟೆಲ್ ಬುಕ್ ಮಾಡುವಾಗ ಅಂಚು ಯಾವುದೆಂದು ಎರಡು ಸಲ ನೋಡಿ.

● ಯೊಸೆಮಿಟಿಯ ಒಳಗಿಂದ ಪೂರ್ವಕ್ಕೆ ದಾಟುವ ಟಿಯೋಗಾ ಘಾಟಿ 3,031 ಮೀಟರ್ ಎತ್ತರದಲ್ಲಿದೆ. ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಮುಚ್ಚಿದರೆ ಮತ್ತೆ ತೆರೆಯುವುದು ಮೇ ಅಥವಾ ಜೂನ್‌ನಲ್ಲಿ. ವಾಷಿಂಗ್ಟನ್ ರಾಜ್ಯದ ನಾರ್ತ್ ಕ್ಯಾಸ್ಕೇಡ್ಸ್ ಹೆದ್ದಾರಿ 1972ರಲ್ಲಿ ತೆರೆದದ್ದು. ಅಂದಿನಿಂದ ಅದು ಚಳಿಗಾಲದಲ್ಲಿ ಮುಚ್ಚದೆ ಉಳಿದದ್ದು 1976-77ರ ಬರದ ವರ್ಷದಲ್ಲಿ ಮಾತ್ರ. ಬೇಸಿಗೆಯಲ್ಲಿ ಗೆಳೆಯರು ಹೋಗಿಬಂದ ದಾರಿ ಎಂಬ ಭರವಸೆ ಇಂಥ ಕಡೆ ನಡೆಯುವುದಿಲ್ಲ.

● ಅಡ್ಡದಾರಿಯ ಆಸೆ ಎಷ್ಟು ದುಬಾರಿಯಾದೀತು ಎಂಬುದಕ್ಕೆ ಅಮೆರಿಕದ ಇತಿಹಾಸದಲ್ಲೇ ಒಂದು ಘೋರ ಸಾಕ್ಷಿಯಿದೆ. 1846ರಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟ ಡಾನರ್ ತಂಡ, ಲ್ಯಾನ್ಸ್‌ಫರ್ಡ್ ಹೇಸ್ಟಿಂಗ್ಸ್ ಎಂಬಾತ ಹೊಗಳಿದ್ದ ಒಳದಾರಿ ಹಿಡಿಯಿತು. ವಲಸಿಗರಿಗಾಗಿ ಕೈಪಿಡಿ ಬರೆಯುವಾಗ ಹೇಸ್ಟಿಂಗ್ಸ್ ಸ್ವತಃ ಆ ದಾರಿಯಲ್ಲಿ ಕಾಲಿಟ್ಟಿರಲಿಲ್ಲ. ವಾಸಾಚ್ ಬೆಟ್ಟಗಳಲ್ಲಿ ಮರ ಕಡಿದು ಗಾಡಿಗೆ ಜಾಗ ಮಾಡಿಕೊಳ್ಳಬೇಕಾಯಿತು. ಆಮೇಲಿನ ಉಪ್ಪಿನ ಮರುಭೂಮಿಯಲ್ಲಿ ಎತ್ತುಗಳು ಹೋದವು. ಹಳೆಯ ದಾರಿಗಿಂತ ಈ ಒಳದಾರಿ ಉದ್ದವೇ ಆಗಿತ್ತು! ಅಕ್ಟೋಬರ್ ಮುಗಿಯುವ ಹೊತ್ತಿಗೆ ಸಿಯೆರಾ ನೆವಾಡಾ ಬೆಟ್ಟದ ಬುಡ ತಲುಪಿದರೆ, ಘಾಟಿಯನ್ನು ಹಿಮ ಮುಚ್ಚಿಯಾಗಿತ್ತು. ತಂಡದ 87 ಜನರಲ್ಲಿ ಬದುಕುಳಿದವರು ಸುಮಾರು 48. ಬೇ ಏರಿಯಾದ ನಮ್ಮವರು ಹಿಮದಾಟಕ್ಕೆಂದು ಲೇಕ್ ಟಾಹೋಗೆ ಹೋಗುವಾಗ ಹಿಡಿಯುವ ಐ-80 ಅದೇ ಡಾನರ್ ಘಾಟಿಯ ಪಕ್ಕದಲ್ಲೇ ಸಾಗುತ್ತದೆ. ಬಿರುಗಾಳಿ ಎದ್ದ ದಿನ ಆ ಹೆದ್ದಾರಿಯನ್ನು ಈಗಲೂ ಮುಚ್ಚುತ್ತಾರೆ.

● ಕ್ಯಾಲಿಫೋರ್ನಿಯಾದ ಬೆಟ್ಟದ ದಾರಿಗಳಲ್ಲಿ ಕಾಣುವ ಆರ್-1, ಆರ್-2, ಆರ್-3 ಫಲಕಗಳು ಚಕ್ರಕ್ಕೆ ಸರಪಳಿ ಸುತ್ತುವ ನಿಯಮಕ್ಕೆ ಸಂಬಂಧಿಸಿದವು. ಆರ್-2 ಇದ್ದಾಗ ನಾಲ್ಕೂ ಚಕ್ರಕ್ಕೆ ಸ್ನೋ ಟಯರಿರುವ ಫೋರ್ ವೀಲ್ ಡ್ರೈವ್ ವಾಹನಕ್ಕೆ ವಿನಾಯಿತಿ. ಆರ್-3 ಎಂದರೆ ಯಾರಿಗೂ ವಿನಾಯಿತಿಯಿಲ್ಲ. ವಿನಾಯಿತಿ ಇರುವವರ ಡಿಕ್ಕಿಯಲ್ಲೂ ಚೈನ್ ಇರಲೇಬೇಕು. ಅದನ್ನು ಹಾಕುವುದನ್ನು ಮನೆಯ ಮುಂದೆಯೇ ಒಮ್ಮೆ ಕಲಿತಿರಿ. ಗಾಳಿ, ಕತ್ತಲೆ, ಮರಗಟ್ಟಿದ ಬೆರಳು ಇವುಗಳ ನಡುವೆ ಕೊಕ್ಕೆ ಸಿಕ್ಕಿಸುವುದು ಬಹಳ ಕಷ್ಟ. ಬಾಡಿಗೆ ಕಾರಾದರೆ ಚೈನ್ ಹಾಕಲು ಅನುಮತಿ ಇದೆಯೇ ಎಂದು ಮೊದಲೇ ಕೇಳಿ. ಅನೇಕ ಕಂಪನಿಗಳು ಒಪ್ಪುವುದಿಲ್ಲ.

● ವಯೋಮಿಂಗ್ ರಾಜ್ಯದಲ್ಲಿ ಲಾರಮಿಯಿಂದ ಪಶ್ಚಿಮಕ್ಕೆ ಐ-80 ಕಟ್ಟುವಾಗ ಒಂದು ವಾದ ಎದ್ದಿತ್ತು. ಹಳೆಯ ಹೆದ್ದಾರಿ 30 ಉತ್ತರಕ್ಕೆ ಬಳಸಿ ಮೆಡಿಸಿನ್ ಬೋ ಊರಿನ ಮೇಲೆ ಹೋಗುತ್ತಿತ್ತು. 1860ರ ದಶಕದಲ್ಲಿ ರೈಲು ಹಳಿ ಹಾಕಿದವರೂ ಹಾಗೇ ಬಳಸಿದ್ದರು. ಹೊಸ ಹೆದ್ದಾರಿಯನ್ನು ಎಲ್ಕ್ ಪರ್ವತದ ಪಕ್ಕ ನೇರವಾಗಿ ಒಯ್ದರೆ ಗಾಳಿ ಬಿಡುವುದಿಲ್ಲ ಎಂದು ಅಲ್ಲಿ ದನ ಮೇಯಿಸುತ್ತಿದ್ದವರು ಎಚ್ಚರಿಸಿದರು. ಆದರೂ ನೇರ ದಾರಿಯೇ ಗೆದ್ದು 1970ರ ಅಕ್ಟೋಬರ್‌ನಲ್ಲಿ ತೆರೆಯಿತು. ಮೊದಲ ಚಳಿಗಾಲದಿಂದಲೇ ಅದನ್ನು ಮತ್ತೆ ಮತ್ತೆ ಮುಚ್ಚಬೇಕಾಯಿತು. ನೆಲ ಬಲ್ಲವರ ಮಾತು ಕೇಳದೆ ಹೋದದ್ದಕ್ಕೆ ಲಕ್ಷಾಂತರ ಪ್ರಯಾಣಿಕರು ಇಂದಿಗೂ ಬೆಲೆ ತೆರುತ್ತಿದ್ದಾರೆ.

ಈಗ ಆ ಹೆದ್ದಾರಿಯ ಬದಿಯ ಬಯಲಿನಲ್ಲಿ ಮರದ ಉದ್ದುದ್ದ ಬೇಲಿಗಳು ಕಾಣುತ್ತವೆ. ದನ ತಡೆಯುವ ಬೇಲಿಗಳಲ್ಲ ಅವು, ಹಿಮ ತಡೆಯುವಂಥವು. ಎಂಜಿನಿಯರ್ ರೊನಾಲ್ಡ್ ಟ್ಯಾಬ್ಲರ್ 1970ರ ದಶಕದಲ್ಲಿ ಇವನ್ನು ರೂಪಿಸಿದರು. ಹತ್ತಿರ ಹೋಗಿ ನೋಡಿದರೆ ಹಲಗೆಗಳ ನಡುವೆ ಅರ್ಧಕ್ಕರ್ಧ ಜಾಗ ಖಾಲಿ, ನೆಲಕ್ಕೂ ಕೆಳಗಿನ ಹಲಗೆಗೂ ನಡುವೆ ಒಂದು ಸಂದು. ಗಾಳಿಯನ್ನು ಪೂರ್ತಿ ತಡೆಯುವುದು ಈ ಬೇಲಿಯ ಉದ್ದೇಶವಲ್ಲ. ವೇಗ ಇಳಿಸಿದರೆ ಸಾಕು, ಹೊತ್ತು ತಂದ ಹಿಮವನ್ನು ಗಾಳಿ ಅಲ್ಲೇ ಹಿಂದೆ ಕೆಡವುತ್ತದೆ. ಹಾಗೆ ಬಿದ್ದ ದಿಬ್ಬ ಬೇಲಿಯ ಎತ್ತರದ ಸುಮಾರು 35 ಪಟ್ಟು ದೂರದವರೆಗೆ ಹರಡಬಲ್ಲದು. ಅದಕ್ಕೇ ಬೇಲಿಯನ್ನು ರಸ್ತೆಯ ಅಂಚಿನಲ್ಲಿ ನೆಡದೆ ಅಷ್ಟು ದೂರ ಹಿಂದೆ ನೆಟ್ಟಿದ್ದಾರೆ.

● ಆಕಾಶದಿಂದ ಒಂದು ಹಳಕು ಹಿಮ ಬೀಳದಿದ್ದರೂ ಬ್ಲಿಝಾರ್ಡ್ ಆಗಬಹುದು! ಅಮೆರಿಕದ ಹವಾಮಾನ ಇಲಾಖೆಯ ಪ್ರಕಾರ ಗಂಟೆಗೆ 35 ಮೈಲಿ ಅಥವಾ ಹೆಚ್ಚಿನ ಗಾಳಿ, ಕಾಲು ಮೈಲಿಗಿಂತ ಮುಂದೆ ಕಾಣದ ಸ್ಥಿತಿ, ಇವು ಕನಿಷ್ಠ ಮೂರು ಗಂಟೆ ಮುಂದುವರಿದರೆ ಅದು ಬ್ಲಿಝಾರ್ಡ್. ನೆಲದ ಮೇಲಿನ ಹಳೆಯ ಹಿಮವನ್ನು ಗಾಳಿ ಎಬ್ಬಿಸಿದರೂ ಸಾಕು. ಮುನ್ಸೂಚನೆಯಲ್ಲಿ ಹಿಮ ಎಷ್ಟು ಇಂಚು ಎಂದಷ್ಟೇ ಓದಿ ಗಾಳಿಯ ಸಾಲು ಬಿಟ್ಟರೆ ಅರ್ಧ ಓದಿದಂತೆ.

● ಇಡೀ ಇಂಟರ್‌ಸ್ಟೇಟ್ ಜಾಲದ ಅತಿ ಎತ್ತರದ ಜಾಗ ಕೊಲರಾಡೋದ ಐಸೆನ್‌ಹೋವರ್ ಸುರಂಗ. 1973ರಲ್ಲಿ ತೆರೆದ ಅದು ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಡೆನ್ವರ್‌ನಿಂದ ಐ-70ರಲ್ಲಿ ಪಶ್ಚಿಮಕ್ಕೆ ಹೊರಟರೆ ಅದನ್ನು ಹಾದೇ ಹೋಗಬೇಕು. ಈ ಬೆಟ್ಟದ ಭಾಗದಲ್ಲಿ ಸೆಪ್ಟೆಂಬರ್‌ನಿಂದ ಮೇ ಕೊನೆಯವರೆಗೆ ಟಯರಿನ ಕಾನೂನು ಜಾರಿಯಲ್ಲಿರುತ್ತದೆ, ಟಯರಿನ ಹಲ್ಲಿನ ಆಳ 3/16 ಇಂಚಿಗಿಂತ ಕಡಿಮೆ ಇರುವಂತಿಲ್ಲ.

● ಬೆಟ್ಟದ ಮೂರು ಶಿಖರ, ನಡುವೆ ಹಿಮದ ಹರಳು: ಟಯರಿನ ಪಕ್ಕದಲ್ಲಿ ಈ ಚಿತ್ರವಿದ್ದರೆ ಅದು ಹಿಮದ ಪರೀಕ್ಷೆ ಗೆದ್ದ ಟಯರು. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆಯ ಟಯರಿನ ರಬ್ಬರು ಬಿಗಿದುಕೊಂಡು ಹಿಡಿತ ಕಳೆದುಕೊಳ್ಳತೊಡಗುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಕಾರು ಏರು ಹತ್ತಲು ನೆರವಾದೀತು, ಬ್ರೇಕ್ ಒತ್ತಿದಾಗ ನಿಲ್ಲಿಸುವುದು ಟಯರೇ.

● ರಸ್ತೆಗೆ ಚೆಲ್ಲುವ ಉಪ್ಪಿಗೂ ಒಂದು ಮಿತಿಯಿದೆ. ಸುಮಾರು ಮೈನಸ್ 9 ಡಿಗ್ರಿಗಿಂತ ಕೆಳಗೆ ಸಾದಾ ಉಪ್ಪು ಮಂಜುಗಡ್ಡೆ ಕರಗಿಸುವುದು ತೀರಾ ನಿಧಾನ.

● ಸೇತುವೆ ಮೊದಲು ಹೆಪ್ಪುಗಟ್ಟುತ್ತದೆ. ಉಳಿದ ರಸ್ತೆಗೆ ಕೆಳಗಿನ ನೆಲದ ಕಾವು ಸಿಗುತ್ತದೆ, ಸೇತುವೆಗೆ ಮೇಲೂ ಕೆಳಗೂ ತಣ್ಣನೆಯ ಗಾಳಿ.

● ದಕ್ಷಿಣಕ್ಕೆ ಹೋದರೆ ಹಿಮ ಕಡಿಮೆ ಎಂಬುದು ನಿಜ, ಜೊತೆಗೆ ಹಿಮ ತೆಗೆಯುವ ಲಾರಿಗಳೂ ಅಲ್ಲಿ ಕಡಿಮೆ. 2014ರ ಜನವರಿ 28ರಂದು ಅಟ್ಲಾಂಟಾದಲ್ಲಿ ಎರಡು ಮೂರು ಇಂಚು ಹಿಮ ಬಿತ್ತು. ಜನ ಇಡೀ ರಾತ್ರಿ ಹೆದ್ದಾರಿಯಲ್ಲಿ ಕಾರಿನೊಳಗೇ ಕುಳಿತರು, ಎಷ್ಟೋ ಮಕ್ಕಳು ಶಾಲೆಯಲ್ಲೇ ಮಲಗಿದರು. 2021ರ ಫೆಬ್ರುವರಿ 11ರ ಬೆಳಗ್ಗೆ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆಯ ಮೇಲೆ 130ಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಗುದ್ದಿ 6 ಜನ ಸತ್ತರು. ದಕ್ಷಿಣದ ಊರಿಗೆ ಮುನ್ಸೂಚನೆಯಲ್ಲಿ ಹೆಪ್ಪುಗಟ್ಟುವ ಮಳೆ ಎಂದಿದ್ದರೆ ಬೇರೆ ದಾರಿ ಹುಡುಕಬೇಡಿ, ಒಂದು ರಾತ್ರಿ ಹೆಚ್ಚಿಗೆ ಉಳಿದುಕೊಳ್ಳಿ. ಅಲ್ಲಿ ಬಿಸಿಲು ಬೇಗ ಮರಳುತ್ತದೆ.

● 2022ರ ಜನವರಿ 3-4ರಂದು ವರ್ಜೀನಿಯಾದ ಐ-95ರಲ್ಲಿ ವಾಹನಗಳು ಒಂದು ದಿನಕ್ಕೂ ಮಿಕ್ಕಿ ನಿಂತಲ್ಲೇ ನಿಂತವು. ಮೊದಲು ಮಳೆ ಬರುವುದರಿಂದ ರಸ್ತೆಗೆ ಉಪ್ಪುನೀರು ಹಾಕಿದರೂ ಕೊಚ್ಚಿಹೋಗುತ್ತಿತ್ತು. ಮಳೆಯ ಹಿಂದೆಯೇ ರಭಸದ ಹಿಮ ಸುರಿದು ದೊಡ್ಡ ಲಾರಿಗಳು ಅಡ್ಡ ತಿರುಗಿದವು. ಸಿಕ್ಕಿಕೊಂಡವರಲ್ಲಿ ಸೆನೆಟರ್ ಟಿಮ್ ಕೇನ್ ಕೂಡ ಇದ್ದರು, ಅವರ ಪ್ರಯಾಣಕ್ಕೆ 27 ಗಂಟೆ ಹಿಡಿಯಿತು. ಫ್ಲಾರಿಡಾದಿಂದ ಮರಳುತ್ತಿದ್ದ ಕುಟುಂಬವೊಂದು ನಿಂತ ಕಾರುಗಳ ಸಾಲಿನುದ್ದಕ್ಕೂ ನಡೆದು ಕಿತ್ತಳೆ ಹಂಚಿತೆಂದು ಆಮೇಲೆ ಅವರು ಹೇಳಿದರು. ಇದು ದೇಶದ ಅತ್ಯಂತ ಗಿಜಿಗುಡುವ ಹೆದ್ದಾರಿಗಳಲ್ಲೊಂದು. ದೊಡ್ಡ ಹೆದ್ದಾರಿಯಲ್ಲೇ ಹೋಗುತ್ತೇವಲ್ಲ ಎಂದು ಕಂಬಳಿ, ನೀರು, ಮಕ್ಕಳ ತಿಂಡಿ, ಹಿರಿಯರ ಮಾತ್ರೆ ಬಿಟ್ಟು ಹೊರಡಬೇಡಿ. ಊರಿಂದ ಬಂದ ಅಪ್ಪ-ಅಮ್ಮ ಜೊತೆಗಿದ್ದರಂತೂ ಇವು ಡಿಕ್ಕಿಯಲ್ಲಿ ಬೇಡ, ಕೈಗೆ ಸಿಗುವಲ್ಲಿ ಇರಲಿ.

● ಒರೆಗಾನ್ ರಾಜ್ಯದಲ್ಲಿ ಐ-5ರಿಂದ ಕರಾವಳಿಗೆ ಬೆಟ್ಟ ಹತ್ತಿ ಇಳಿಯುವ ಬೇರ್ ಕ್ಯಾಂಪ್ ರಸ್ತೆ ಕಾಗದದ ನಕ್ಷೆಯಲ್ಲಿ ಸಲೀಸಾಗಿ ಕಾಣುತ್ತಿತ್ತು. ಅದರಲ್ಲಿ ಚಳಿಗಾಲದಲ್ಲಿ ಹಿಮ ತೆಗೆಯುವವರಿಲ್ಲ. 2006ರಲ್ಲಿ ಮಾಮೂಲು ತಿರುವು ತಪ್ಪಿದ ಒಂದು ಕುಟುಂಬ ಆ ದಾರಿ ಹಿಡಿದು ಹಿಮದಲ್ಲಿ ಸಿಕ್ಕಿಕೊಂಡಿತು. ದಿನಗಟ್ಟಲೆ ಕಾದು, ನೆರವು ಹುಡುಕಲು ನಡೆದು ಹೊರಟ ತಂದೆ ತೀರಿಕೊಂಡರು. ಕಾರಿನ ಬಳಿ ಉಳಿದಿದ್ದ ತಾಯಿ-ಮಕ್ಕಳು ಬದುಕಿದರು. ಹಿಮದಲ್ಲಿ ಕಾರು ಹೂತರೆ ಕಾರಿನಲ್ಲೇ ಇರಿ ಎಂದು ರಕ್ಷಣಾ ಪಡೆಯವರು ಪದೇ ಪದೇ ಹೇಳುವುದು ಇದಕ್ಕೇ: ಮೇಲಿಂದ ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ.

● ಹಾಗೆ ಕಾಯುವಾಗ ಎಂಜಿನ್ ಚಾಲೂ ಮಾಡುವ ಮುನ್ನ ಹೊಗೆ ಕೊಳವೆಯ ಬಾಯಿಂದ ಹಿಮ ತೆಗೆಯಲೇಬೇಕು. ಅದು ಮುಚ್ಚಿದ್ದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿ ಕುಳಿತಲ್ಲೇ ಜೀವ ಹೋಗುತ್ತದೆ. ಗಂಟೆಗೆ ಹತ್ತು ನಿಮಿಷ ಬಿಸಿ ಮಾಡಿ ಆರಿಸಿ, ಕಿಟಕಿ ತುಸು ತೆರೆದಿಡಿ. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗಿಳಿಯಲು ಬಿಡದವರಿಗೆ ಮಾತ್ರ ಈ ಅನುಕೂಲ.

● ಡಿಸೆಂಬರ್‌ನಲ್ಲಿ ಸಿಯಾಟಲ್‌ನಲ್ಲೂ ಶಿಕಾಗೋದಲ್ಲೂ ಸೂರ್ಯ ಮುಳುಗುವುದು ಸಂಜೆ ನಾಲ್ಕೂ ಇಪ್ಪತ್ತರ ಸುಮಾರಿಗೆ. ಪೂರ್ವಕ್ಕೆ ಹೊರಟವರು ಪ್ರತಿ ಕಾಲವಲಯ ದಾಟುವಾಗಲೂ ಗಡಿಯಾರದಲ್ಲಿ ಒಂದು ಗಂಟೆ ಕಳೆದುಕೊಳ್ಳುತ್ತಾರೆ. ಘಾಟಿಯನ್ನು ಮಧ್ಯಾಹ್ನದೊಳಗೆ ದಾಟುವಂತೆ ರಾತ್ರಿ ತಂಗುವ ಊರು ಗೊತ್ತುಮಾಡಿ.

● 511 ನೆನಪಿರಲಿ. ರಸ್ತೆಯ ಸ್ಥಿತಿ ತಿಳಿಸುವ ಸಂಖ್ಯೆಯಾಗಿ 2000ದಲ್ಲಿ ಇದನ್ನು ಮೀಸಲಿಟ್ಟರು, ಬಹುತೇಕ ರಾಜ್ಯಗಳಲ್ಲಿದೆ. ಅನೇಕ ರಾಜ್ಯಗಳು ಘಾಟಿಗಳ ಕ್ಯಾಮೆರಾ ಚಿತ್ರವನ್ನೂ ತೋರಿಸುತ್ತವೆ. ಹೊರಡುವ ಮುನ್ನ ಕಣ್ಣಾರೆ ನೋಡಿ.

● ಹೆದ್ದಾರಿಯ ಬದಿಯ ಸಣ್ಣ ಹಸಿರು ಫಲಕದ ಮೈಲಿ ಸಂಖ್ಯೆ ಸಾಮಾನ್ಯವಾಗಿ ಆಯಾ ರಾಜ್ಯದ ಪಶ್ಚಿಮ ಅಥವಾ ದಕ್ಷಿಣ ಗಡಿಯಿಂದ ಎಣಿಸಿದ್ದು. 911ಕ್ಕೆ ಕರೆ ಮಾಡಿದಾಗ ಹೆದ್ದಾರಿ ಯಾವುದು, ಯಾವ ದಿಕ್ಕಿಗೆ, ಮೈಲಿ ಎಷ್ಟು ಎಂದು ಹೇಳಿದರೆ ಹುಡುಕುವ ಹೊತ್ತು ಉಳಿಯುತ್ತದೆ.

● ಮಿನೆಸೋಟಾದಲ್ಲಿ ಹಿಮ ತಳ್ಳುವ ಲಾರಿಗಳಿಗೆ ಹೆಸರಿಡಲು ಜನರಿಂದಲೇ ಮತ ಕೇಳುತ್ತಾರೆ. 2021ರಲ್ಲಿ ಮೊದಲ ಸ್ಥಾನ ಪಡೆದ ಹೆಸರು 'ಪ್ಲೋವಿ ಮೆಕ್‌ಪ್ಲೋಫೇಸ್'. ಇಂಥ ಲಾರಿ ಮುಂದೆ ಸಿಕ್ಕರೆ ಹಿಂದಿಕ್ಕಲು ಹೋಗಬೇಡಿ. ಅದರ ಪಕ್ಕದ ರೆಕ್ಕೆ ಹಿಮದ ಧೂಳಿನಲ್ಲಿ ಕಾಣುವುದಿಲ್ಲ, ಅದರ ಮುಂದಿನ ರಸ್ತೆಯನ್ನು ಇನ್ನೂ ಯಾರೂ ತೆರವು ಮಾಡಿಲ್ಲ. ಸಾಕಷ್ಟು ಅಂತರ ಬಿಟ್ಟು ನಿಧಾನವಾಗಿ ಹಿಂಬಾಲಿಸಿ. ಆ ಹೊತ್ತಿಗೆ ಆ ಹೆದ್ದಾರಿಯ ಅತಿ ಚೊಕ್ಕಟ ಜಾಗ ಅದರ ಬೆನ್ನ ಹಿಂದೆಯೇ ಇರುತ್ತದೆ.