ಬೇವಿಗಂಟುವ ಕವಚಕೀಟ

ಅಮರಕೋಶದಲ್ಲಿ ಬೇವಿಗೆ ಹೇಳಿರುವ ಹೆಸರುಗಳಲ್ಲಿ ‘ಸರ್ವತೋಭದ್ರ’ ಎಂಬುದೊಂದು. ಎಲ್ಲ ಕಡೆಯಿಂದಲೂ ಕ್ಷೇಮವಾದುದೆಂದು ಅದರ ಅರ್ಥ. ಕಾಳಿನ ಚೀಲದಲ್ಲಿ ಬೇವಿನೆಲೆ ಹಾಕಿ ಹುಳ ಬೀಳದಂತೆ ಕಾಯುವ ನಮ್ಮ ವನದುರ್ಗ, ಶಹಾಪುರದ ಕಡೆಯ ಗೃಹಿಣಿಯರು ಈ ಹೆಸರನ್ನು ಒಪ್ಪದಿರಲಾರರು. ಆದರೆ ಆ ಕಹಿಯನ್ನೇ ಹೀರಿ ಬದುಕುವ ಕೀಟವೂ ಒಂದುಂಟು.

ಬೇವಿನೆಲೆಯ ಮೇಲೆ ಕೆಲವೊಮ್ಮೆ ಎಳ್ಳಿನಷ್ಟು ಗಾತ್ರದ, ಹಳದಿ ಬೆರೆತ ಕಂದುಬಣ್ಣದ ದುಂಡು ಚುಕ್ಕೆಗಳು ಕಾಣುವುವು. ಎಲೆಯ ರೋಗವೆಂದೇ ನೋಡಿದವರು ತಿಳಿಯುವರು. ಸೂಜಿಯ ಮೊನೆಯಿಂದ ಮೆಲ್ಲಗೆ ಮೀಟಿದರೆ ಚುಕ್ಕೆಯು ಮುಚ್ಚಳದಂತೆ ಏಳುವುದು. ಅದರಡಿಯಲ್ಲಿ ಮೆತ್ತನೆಯ ಹಳದಿ ಜೀವವೊಂದು ಅಡಗಿರುವುದು. ಹುಟ್ಟಿದಾಗ ಅದಕ್ಕೆ ಆರು ಕಾಲು. ಸ್ವಲ್ಪಕಾಲ ಹರಿದಾಡಿ, ತಕ್ಕ ಸ್ಥಳ ದೊರೆತೊಡನೆ ಸೂಜಿಯಂತಹ ಬಾಯನ್ನು ಎಲೆಯಲ್ಲಿ ನಾಟುವುದು. ಮೊದಲ ಪೊರೆಯೊಡನೆ ಕಾಲುಗಳೂ ಹೋಗುವುವು. ಹೆಣ್ಣು ಮತ್ತೆ ಅಲ್ಲಿಂದ ಕದಲದು. ತಾನು ಸ್ರವಿಸಿದ ಮೇಣವನ್ನೂ ಕಳಚಿದ ಪೊರೆಯನ್ನೂ ಕೂಡಿಸಿ ಗುರಾಣಿ ಕಟ್ಟಿಕೊಳ್ಳುವುದು. ಹಾವು ಪೊರೆಯನ್ನು ಬಿಸುಟು ಹೋಗುವುದು; ಈ ಕೀಟವೋ ಅದನ್ನೇ ಮಾಳಿಗೆ ಮಾಡಿ ಹೊದೆಯುವುದು! ರೆಕ್ಕೆ ಬರುವುದು ಗಂಡಿಗೆ ಮಾತ್ರ. ಪಾಪ, ಅದಕ್ಕೆ ಉಣ್ಣಲು ಬಾಯಿಲ್ಲ.

ಇದನ್ನು ಹೊಸ ಜಾತಿಯೆಂದು 1894ರಲ್ಲಿ ವರ್ಣಿಸಿದವರು ಇಂಗ್ಲೆಂಡಿನ ರಾಬರ್ಟ್ ನ್ಯೂಸ್ಟೆಡ್. ಪೂರ್ವದೇಶದ್ದೆಂದು ‘ಓರಿಯೆಂಟಾಲಿಸ್’ ಎಂದು ಹೆಸರಿಟ್ಟರು. ಕುಲನಾಮವು ಈಗ ‘ಅಯೋನಿಡಿಯೆಲ್ಲ’. ಇದೇ ಕುಲದ ಮತ್ತೊಂದು ಜಾತಿಗೆ ಟ್ಯಾಕ್ಸಸ್ ಎಂಬ, ಸೂಜಿಯೆಲೆಯ ತಂಪುನಾಡಿನ ಮರದ ಹೆಸರೇ ಬಂದಿದೆ. 1906ರಲ್ಲಿ ಇಟಲಿಯ ಲಿಯೊನಾರ್ಡಿ ಅದನ್ನು ವರ್ಣಿಸಿದರು.

ವರ್ಣನೆಯೆಂದರೆ ಇಲ್ಲಿ ಕವಿಯ ವರ್ಣನೆಯಲ್ಲ. ಗುರಾಣಿಯ ಬಣ್ಣವನ್ನು ನಂಬುವಂತಿಲ್ಲ. ಹೆಣ್ಣುಕೀಟವನ್ನು ಕ್ಷಾರದಲ್ಲಿಟ್ಟು ಒಳಗಿನ ಮಾಂಸವನ್ನು ಕರಗಿಸಿ, ಉಳಿದ ತೊಗಲಿಗೆ ಬಣ್ಣವೇರಿಸಿ, ಗಾಜಿನ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ಅದರ ಹಿಂತುದಿಯ ಅಂಚಿನ ಹಲ್ಲುಗಳನ್ನೂ ಮೇಣದ ನಾಳಗಳನ್ನೂ ಪರೀಕ್ಷಿಸಬೇಕು. ವರ್ಣಿಸಿದ ಮಾದರಿಯನ್ನು ಮುಂದಿನವರು ಹೋಲಿಸಿ ನೋಡುವಂತೆ ಸಂಗ್ರಹಾಲಯದಲ್ಲಿ ಕಾದಿರಿಸಬೇಕು.

ಇಷ್ಟು ಶ್ರಮವೇತಕ್ಕೆಂದು ವಾಚಕರು ಕೇಳಬಹುದು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕಿತ್ತಳೆ, ನಿಂಬೆಗಳಿಗೆ ಅಂಟುವ ಕೆಂಪು ಹಾಗೂ ಹಳದಿ ಕವಚಕೀಟಗಳು ಈ ಕುಲದವೇ. ಹೊರನೋಟಕ್ಕೆ ಎರಡೂ ಒಂದೇ. ಒಂದರ ವೈರಿಯಾದ ಕಣಜವು ಇನ್ನೊಂದರಲ್ಲಿ ಬೆಳೆಯದೆ ಹೋಗಬಹುದು. 1937ರಲ್ಲಿ ಮೆಕೆಂಜಿ ಎಂಬ ಪಂಡಿತರು ಇವುಗಳ ಭೇದವನ್ನು ವಿಂಗಡಿಸಿ ತೋರಿಸಿದರು. ಬಳಿಕ 1956–57ರಲ್ಲಿ ಭಾರತ, ಪಾಕಿಸ್ತಾನಗಳಿಂದ ಒಯ್ದ ಸಾಸಿವೆಗಿಂತ ಚಿಕ್ಕ ಕಣಜವೊಂದು ಕೆಂಪು ಕೀಟವನ್ನು ಅಲ್ಲಿ ಬಹುಮಟ್ಟಿಗೆ ಅಡಗಿಸಿತು.

ಆಫ್ರಿಕದ ಛಾದ್ ಸರೋವರದ ಸುತ್ತಲಿನ ನಾಡುಗಳ ಕಥೆ ಬೇರೆ. ನೆರಳಿಗೂ ಸೌದೆಗೂ ಅಲ್ಲಿಯವರು ನೆಟ್ಟ ಬೇವು ನಮ್ಮ ಕಡೆಯ ಮರವೇ. 1980ರ ದಶಕದಲ್ಲಿ ನಮ್ಮ ಈ ಕವಚಕೀಟವು ಅದಕ್ಕೆ ಮುತ್ತಿ, ಮರಗಳ ಎಲೆ ಕಂದಿ ಉದುರಿದುವು.

ನಮ್ಮಲ್ಲಿ ಇದರ ಕೈ ಅಷ್ಟು ಮೇಲಾಗದಂತೆ ಕಣಜಗಳೂ ಗುಲಗಂಜಿ ಹುಳುಗಳೂ ತಡೆದಿವೆ. (ಬೇವಿನ ಚಿಗುರುತುದಿ ಒಣಗುವ ರೋಗ ಬೇರೆ, ಅದು ಶಿಲೀಂಧ್ರದ ಕೆಲಸ.) ಆದುದರಿಂದ ಅಂಗಳದ ಬೇವಿನಲ್ಲಿ ಚುಕ್ಕೆ ಕಂಡೊಡನೆ ವಿಷದ ಔಷಧಿ ಸಿಂಪಡಿಸಹೊರಡಬಾರದು, ಅದು ಗುರಾಣಿಯಡಿಯ ಕೀಟಕ್ಕಿಂತ ಬಯಲಲ್ಲಿರುವ ಕಣಜವನ್ನೇ ಮೊದಲು ಕೊಲ್ಲುವುದು. ಭೂತಕನ್ನಡಿಯಲ್ಲಿ ಮೊದಲು ಗುರಾಣಿಗಳನ್ನು ನೋಡಿರಿ. ಕೆಲವುಗಳ ಮೇಲೆ ದುಂಡನೆಯ ಸಣ್ಣ ರಂಧ್ರವಿದ್ದರೆ, ಕಣಜವು ಒಳಗಿನ ಕೀಟವನ್ನು ತಿಂದು ಹೊರಬಂದ ಬಾಗಿಲದು.